ಒಂದಕ್ಕೆ ಮೂವತ್ತೇಳು

ದರೆ ಜಾರಿತು. ಕೆಂಪು ಮಣ್ಣು, ಬೇರು, ಬಂಡೆ, ನೀರು ಎಲ್ಲ ಒಟ್ಟಿಗೆ ಹಳಿಯ ಮೇಲೆ ಬಂದು ಬಿದ್ದವು.

2021ರ ಜುಲೈ 23. ಬೆಳಗಿನ ಹೊತ್ತು, ಆಷಾಢದ ಮಳೆ. ಗೋವೆಯ ಕುಳೆಂನಿಂದ ಕ್ಯಾಸಲ್‌ರಾಕಿನತ್ತ ಘಟ್ಟ ಹತ್ತುತ್ತಿದ್ದ ರೈಲು ಸೋನಾಲಿಂ ಮತ್ತು ದೂಧ್‌ಸಾಗರ ನಿಲ್ದಾಣಗಳ ನಡುವೆ ಆ ಮಣ್ಣಿಗೆ ಸಿಕ್ಕಿತು. ಎಂಜಿನ್ ಹಳಿ ಬಿಟ್ಟಿತು. ಅದರ ಬೆನ್ನಿಗಿದ್ದ ಮೊದಲ ಬೋಗಿಯೂ ಹಳಿ ಬಿಟ್ಟಿತು. ಒಂದು ಬದಿಗೆ ಗೋಡೆಯಂತೆ ನಿಂತ ಗುಡ್ಡ, ಇನ್ನೊಂದು ಬದಿಗೆ ಮಂಜು ತುಂಬಿದ ಕಣಿವೆ. ಗಾಡಿಯೊಳಗೆ 345 ಜನ.

ಅದು ಅಲ್ಲಿರಬೇಕಾದ ಗಾಡಿಯೇ ಅಲ್ಲ. ಹಿಂದಿನ ಮಧ್ಯಾಹ್ನ ಮಂಗಳೂರು ಜಂಕ್ಷನ್ನಿನಿಂದ ಮುಂಬಯಿಗೆ ಹೊರಟ ವಿಶೇಷ ರೈಲು ಅದು, ಕೋವಿಡ್ ಕಾಲದ್ದು, ಸಂಖ್ಯೆ 01134. ಉಡುಪಿ, ಕಾರವಾರ, ಮಡಗಾಂವ್ ದಾಟಿ ಕೊಂಕಣ ರೈಲು ಹಾದಿಯಲ್ಲೇ ನೇರ ಉತ್ತರಕ್ಕೆ ಹೋಗಬೇಕಿತ್ತು. ಆದರೆ ಚಿಪಳೂಣದಲ್ಲಿ ವಾಶಿಷ್ಠಿ ನದಿ ಉಕ್ಕಿ, ಚಿಪಳೂಣ ಮತ್ತು ಕಾಮಥೆ ನಡುವೆ ರೈಲು ಓಡಾಟ ನಿಂತುಹೋಯಿತು. ಹಾಗಾಗಿ ಗಾಡಿಯನ್ನು ಮಡಗಾಂವ್‌ನಲ್ಲಿ ಪೂರ್ವಕ್ಕೆ ತಿರುಗಿಸಿದರು: ಕುಳೆಂ, ಕ್ಯಾಸಲ್‌ರಾಕ್, ಲೋಂಡಾ, ಮಿರಜ್ ಸುತ್ತಿ ಮುಂಬಯಿ. ಹೊಳೆಯಿಂದ ತಪ್ಪಿಸಿಕೊಂಡ ಗಾಡಿ ಗುಡ್ಡದ ಬಾಯಿಗೆ ಬಂತು.

ಈಗ ಏನು ಮಾಡಬೇಕು? ಜನರನ್ನು ಇಳಿಸಿ ಓಡಿಸೋಣ ಎಂದರೆ ಎಲ್ಲಿಗೆ? ರಸ್ತೆಯಿಲ್ಲ, ಊರಿಲ್ಲ. ಕಾಲಡಿ ಉಂಬಳ, ತಲೆಯ ಮೇಲೆ ಇನ್ನೂ ಜಾರಬಹುದಾದ ಗುಡ್ಡ. ಬೋಗಿಯೊಳಗೇ ಇರುವುದು ಕ್ಷೇಮ. ಆದರೆ ಬೋಗಿಗಳು ನಿಂತಲ್ಲೇ ನಿಲ್ಲುತ್ತವೆಯೇ? ಏರ್ ಬ್ರೇಕಿನ ಗುಣ ಹೀಗೆ: ಪೈಪಿನ ಗಾಳಿ ಹೋದರೆ ಬ್ರೇಕ್ ತಾನಾಗಿಯೇ ಹಿಡಿಯುತ್ತದೆ, ಅದು ಒಳ್ಳೆಯದು. ಆದರೆ ಚಕ್ರವನ್ನು ಒತ್ತಿ ಹಿಡಿದಿರುವ ಸಿಲಿಂಡರಿನ ಗಾಳಿಯೂ ಹೊತ್ತು ಕಳೆದಂತೆ ಸೋರುತ್ತ ಹೋಗುತ್ತದೆ. ಸಮತಟ್ಟಿನಲ್ಲಿ ಇದು ದೊಡ್ಡ ಸಂಗತಿಯಲ್ಲ. ಈ ಘಾಟಿನ ಏರು 37 ಮೀಟರಿಗೆ ಒಂದು ಮೀಟರ್. ಇಲ್ಲಿ ಹಿಡಿತ ಸಡಿಲಿದ ಗಾಡಿ ಕಣಿವೆಯ ಅಂಚಿನ ತಿರುವುಗಳಲ್ಲಿ ಹಿಂದಕ್ಕೆ ಉರುಳತೊಡಗುತ್ತದೆ. ಆದ್ದರಿಂದ ಎಂಜಿನಿನ ಕೊಂಡಿ ಬಿಡಿಸುವ ಮೊದಲು ಉಳಿದ ಗಾಡಿಯನ್ನು ಕೈಬ್ರೇಕು, ಬೆಣೆ, ಇನ್ನೊಂದು ಎಂಜಿನ್ ಎಂದು ಏನಾದರೊಂದರಿಂದ ಭದ್ರಮಾಡಲೇಬೇಕು. ಅವಸರದಲ್ಲಿ ಈ ಕ್ರಮ ಹಿಂದುಮುಂದಾದರೆ ಸಣ್ಣ ಅಪಘಾತ ದೊಡ್ಡದಾಗುತ್ತದೆ.

ಕ್ರಮ ತಪ್ಪಲಿಲ್ಲ. ಮೊದಲ ಬೋಗಿಯವರನ್ನು ಹಿಂದಿನ ಬೋಗಿಗಳಿಗೆ ಸಾಗಿಸಿದರು. ಹಳಿ ಬಿಟ್ಟದ್ದನ್ನು ಅಲ್ಲೇ ಬಿಟ್ಟು ಉಳಿದ ಗಾಡಿಯನ್ನು ಬೇರ್ಪಡಿಸಿದರು. ಬಂದ ದಾರಿಯಲ್ಲೇ, ಇಳಿಜಾರಿನಲ್ಲಿ, ಕುಳೆಂಗೆ ವಾಪಸ್ ಒಯ್ದರು. ಅಷ್ಟರಲ್ಲಿ ಘಾಟಿನಲ್ಲಿ ಇನ್ನೊಂದು ಕಡೆಯೂ ದರೆ ಕುಸಿದಿತ್ತು. ನಿಜಾಮುದ್ದೀನಿನಿಂದ ವಾಸ್ಕೋಗೆ ಬರುತ್ತಿದ್ದ ಗಾಡಿಯೂ ಮುಂದೆ ಹೋಗಲಾರದೆ ಸಿಕ್ಕಿಬಿತ್ತು. ಘಾಟು ದಾಟಲು ಮೇಲಿಂದಲೂ ದಾರಿಯಿಲ್ಲ, ಕೆಳಗಿಂದಲೂ ಇಲ್ಲ. ಆದರೂ ಮಂಗಳೂರಿನ ಗಾಡಿಯ 345 ಜನರಲ್ಲಿ ಯಾರಿಗೂ ಪೆಟ್ಟಾಗಲಿಲ್ಲ. ಅವರನ್ನು ಆ ದಾರಿಯಾಗಿ ಮುಂಬಯಿಗೆ ಮುಟ್ಟಿಸುವ ಯೋಜನೆ ಆ ಬೆಳಿಗ್ಗೆ ಸತ್ತುಹೋಯಿತು. ಅದನ್ನು ಸಾಯಲು ಬಿಟ್ಟಿದ್ದರಿಂದ ಜನ ಉಳಿದರು.

ಯೋಜನೆಯನ್ನು ಹೀಗೆ ನಿಲ್ಲಿಸುವುದನ್ನು ಕಲಿಸುವವರು ಕಡಿಮೆ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಎಂದು ಬೆಂಗಳೂರು, ಹುಬ್ಬಳ್ಳಿಯ ತರಬೇತಿ ಕೋಣೆಗಳಲ್ಲಿ ಹೇಳಿಕೊಡುವುದೆಲ್ಲ ಬಹುಮಟ್ಟಿಗೆ ಓಟದ ವಿದ್ಯೆ. ಗಾಂಟ್ ಚಾರ್ಟು, ಮೈಲಿಗಲ್ಲು, ಡೆಡ್‌ಲೈನು, ವಾರಕ್ಕೊಂದು ರಿವ್ಯೂ. ತಂಡದ ನಾಯಕ ಎಂದರೆ ಎಲ್ಲರನ್ನೂ ಓಡಿಸುವವ. ಜೊಯಿಡಾ ತಾಲೂಕಿನಿಂದ ಗೋವೆಗಿಳಿಯುವ ಈ ಘಾಟಿನಲ್ಲಿ 130ಕ್ಕೂ ಹೆಚ್ಚು ವರ್ಷಗಳಿಂದ ಕಾಡು, ಮಳೆ ಮತ್ತು ಇಳಿಜಾರು ಸೇರಿ ಕೇಳುತ್ತಿರುವ ಪ್ರಶ್ನೆಯೇ ಬೇರೆ: ಇಲ್ಲಿ ನಿಲ್ಲಿಸುವವರು ಯಾರು? ಅವರಿಗೆ ಆ ಅಧಿಕಾರ ಯಾವಾಗ ಸಿಗುತ್ತದೆ, ಗುಡ್ಡ ಜಾರುವ ಮೊದಲೋ, ಜಾರಿದ ಮೇಲೋ?

ಕ್ಯಾಸಲ್‌ರಾಕಿನಿಂದ ಕುಳೆಂಗೆ ಸುಮಾರು 26 ಕಿಲೋಮೀಟರ್. ಬ್ರಗಾಂಝಾ ಘಾಟು ಎಂದು ಹೆಸರು. ನಡುವೆ ಕಾರಂಜೋಳ, ದೂಧ್‌ಸಾಗರ, ಸೋನಾಲಿಂ ಎಂಬ ಪುಟ್ಟ ನಿಲ್ದಾಣಗಳು, ಸಾಲು ಸುರಂಗಗಳು, 310 ಮೀಟರ್ ಎತ್ತರದಿಂದ ಬೀಳುವ ಜಲಪಾತದ ನಡುಮೈಗೆ ಅಡ್ಡವಾಗಿ ಒಂದು ಸೇತುವೆ. ಹತ್ತುವುದು ಕಷ್ಟವೆಂದು ಎಲ್ಲರಿಗೂ ಕಾಣುತ್ತದೆ, ಮುಂದೊಂದಿಷ್ಟು ಎಂಜಿನ್ ಎಳೆಯುತ್ತವೆ, ಹಿಂದಿನಿಂದ ಬ್ಯಾಂಕರ್ ಎಂಜಿನುಗಳು ತಳ್ಳುತ್ತವೆ, ಹೊಗೆ, ಸದ್ದು, ಫೋಟೋ. ಘಾಟಿನವರು ನಿಜಕ್ಕೂ ಹೆದರುವುದು ಇಳಿಯುವುದಕ್ಕೆ. ಸಾವಿರಾರು ಟನ್ ಭಾರದ ಗಾಡಿ ಒಮ್ಮೆ ವೇಗ ಹಿಡಿದರೆ ಬ್ರೇಕ್ ಬ್ಲಾಕುಗಳು ಕಾದು ಕೆಂಡವಾಗಿ ಹಿಡಿತವನ್ನೇ ಕಳೆದುಕೊಳ್ಳುತ್ತವೆ. ಆಮೇಲೆ ಮಾಡುವಂಥದ್ದು ಏನೂ ಇಲ್ಲ. ಹಾಗಾಗಿಯೇ ಇಳಿಯುವ ಮೊದಲು ಗಾಡಿ ನಿಲ್ಲಬೇಕು, ಬ್ರೇಕಿನ ಗಾಳಿ ಎಂಜಿನಿನಿಂದ ಕಟ್ಟಕಡೆಯ ಡಬ್ಬಿಯವರೆಗೂ ತಲುಪಿದೆಯೇ ಎಂದು ಪರೀಕ್ಷೆಯಾಗಬೇಕು. ಮುಂದಿನ ತುದಿಯಲ್ಲಿರುವ ಲೋಕೊ ಪೈಲಟ್ ಎಷ್ಟೇ ಹಳಬನಾಗಲಿ, ಹಿಂದಿನ ತುದಿಯಲ್ಲಿರುವ ಗಾರ್ಡ್ ಒಪ್ಪದೆ ಗಾಡಿ ಹೊರಡದು. 2022ರ ಜನವರಿಯಲ್ಲಿ ರೈಲ್ವೆ ಗಾರ್ಡ್ ಹುದ್ದೆಗೆ ‘ಟ್ರೇನ್ ಮ್ಯಾನೇಜರ್’ ಎಂದು ಹೆಸರು ಬದಲಿಸಿತು. ಹಳೆಯ ಹೆಸರಿನ ಮೇಲೆ ಮಮತೆ ಇರುವವರು ಮೂಗು ಮುರಿದರು. ನನಗೇನೋ ಹೊಸ ಹೆಸರು ಸರಿಯೆನಿಸಿತು: ಇಡೀ ಗಾಡಿಯಲ್ಲಿ ಮ್ಯಾನೇಜರ್ ಎನಿಸಿಕೊಂಡವನು ಓಡಿಸುವವನಲ್ಲ, ಹಿಂದೆ ಕೂತು ತಡೆಯಬಲ್ಲವನು.

ಘಾಟುಗಳಲ್ಲಿ ಕ್ಯಾಚ್ ಸೈಡಿಂಗ್ ಎಂಬುದೊಂದಿದೆ. ಮುಖ್ಯ ಹಳಿಯಿಂದ ಕವಲೊಡೆದು, ಗುಡ್ಡದ ಕಡೆಗೆ ಏರಿ, ಎಲ್ಲಿಗೂ ಹೋಗದೆ ಮುಗಿಯುವ ತುಂಡು ಹಳಿ. ಹಿಡಿತ ತಪ್ಪಿ ಬಂದ ಗಾಡಿಯನ್ನು ಅದಕ್ಕೆ ಹೊಗಿಸಿ ಏರಿನಲ್ಲಿ ಅದರ ಓಟ ಮುರಿಯುವುದು ಉದ್ದೇಶ. ಇದರ ಜಾಣತನ ಇರುವುದು ಹಳಿ ಬದಲಿಸುವ ಪಾಯಿಂಟಿನಲ್ಲಿ. ಅದನ್ನು ಮಾಮೂಲಾಗಿ ತಿರುಗಿಸಿಟ್ಟಿರುವುದೇ ಆ ತುಂಡು ಹಳಿಯ ಕಡೆಗೆ. ಇಳಿದು ಬರುವ ಗಾಡಿ ನಿಂತು, ತಾನು ಹಿಡಿತದಲ್ಲಿದ್ದೇನೆಂದು ತೋರಿಸಿಕೊಟ್ಟ ಮೇಲೆಯೇ ಮುಖ್ಯ ಹಳಿ ತೆರೆದುಕೊಳ್ಳುತ್ತದೆ. ನಮ್ಮ ಕಚೇರಿಗಳ ಯೋಜನೆಗಳು ಇದಕ್ಕೆ ತದ್ವಿರುದ್ಧ. ಅಲ್ಲಿ ಎಲ್ಲ ಸರಿಯಿದೆ ಎಂಬುದು ಮೊದಲೇ ಒಪ್ಪಿಕೊಂಡ ಮಾತು, ಸರಿಯಿಲ್ಲ ಎಂದವನು ಸಾಕ್ಷಿ ತರಬೇಕು. ಅವನು ಸಾಕ್ಷಿ ಹುಡುಕಿ ತರುವಷ್ಟರಲ್ಲಿ ಗಾಡಿ ಎರಡು ತಿರುವು ದಾಟಿರುತ್ತದೆ.

ಮಳೆಗಾಲದ ರಾತ್ರಿಪಾಳಿಯ ಗಸ್ತಿನವನನ್ನು ನೆನೆಯಿರಿ. ವರ್ಷಕ್ಕೆ ಐದು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಸೀಮೆ. ಒಬ್ಬ ಟ್ರ್ಯಾಕ್‌ಮ್ಯಾನ್. ತಲೆಗೊಂದು ಕೊಪ್ಪೆ, ಕೈಯಲ್ಲಿ ಕೆಂಪು ಹಸಿರು ತೋರಿಸುವ ದೀಪ, ಚೀಲದಲ್ಲಿ ಡಿಟೋನೇಟರುಗಳು, ಒಂದು ಸೀಟಿ, ಒಂದು ಗಸ್ತು ಪುಸ್ತಕ. ದೀಪದ ಬೆಳಕು ಮಳೆಯ ಪರದೆ ದಾಟಿ ನಾಲ್ಕು ಹೆಜ್ಜೆ ಹೋದರೆ ಹೆಚ್ಚು. ಜಲ್ಲಿಯ ಮೇಲೆ ಬೂಟಿನ ಸದ್ದು, ನೀರಿನ ಸದ್ದು, ಮತ್ತೆ ನೀರಿನದೇ ಸದ್ದು. ಅದರೊಳಗೆ ಎಲ್ಲೋ ಒಂದು ಸಣ್ಣ ಕಲ್ಲು ಉರುಳಿದ ಸದ್ದು. ಅವನು ನಿಲ್ಲುತ್ತಾನೆ. ನಿನ್ನೆ ತಿಳಿಯಾಗಿ ಬರುತ್ತಿದ್ದ ಒರತೆ ಇವತ್ತು ಕೆಂಪಗೆ ಹರಿಯುತ್ತಿದೆ. ಎರಡು ಹೆಜ್ಜೆ ಮುಂದೆ ಹಳಿ ಕಾಣುತ್ತಿಲ್ಲ. ಮಣ್ಣು.

ಇನ್ನು ಓಟ. ಒಂಟಿ ಹಳಿ, ಗಾಡಿ ಎರಡೂ ಕಡೆಯಿಂದ ಬರಬಹುದು. ಮೊದಲು ಯಾವುದು ಬರುವುದೆಂದು ಗೊತ್ತಿದೆಯೋ ಆ ಕಡೆಗೆ ಕೆಂಪು ದೀಪ ತೋರಿಸುತ್ತ ಓಡಬೇಕು. 600 ಮೀಟರಿನಲ್ಲಿ ಹಳಿಗೆ ಒಂದು ಡಿಟೋನೇಟರ್ ಬಿಗಿಯಬೇಕು. ನಿಲ್ಲುವಂತಿಲ್ಲ, ಮತ್ತೆ ಓಡಬೇಕು. 1200 ಮೀಟರಿನಲ್ಲಿ ಹತ್ತತ್ತು ಮೀಟರ್ ಅಂತರಕ್ಕೆ ಮೂರು. ಒದ್ದೆ ಕೈ, ಜಾರುವ ಸ್ಲೀಪರು, ಎದೆಯಲ್ಲಿ ಉಸಿರು ಸಾಲದು. ಇಷ್ಟಾದ ಮೇಲೆ ಇನ್ನೊಂದು ಕಡೆಗೂ ಇದೇ ಓಟ. ಗಾಡಿಯ ಚಕ್ರ ಆ ಬಿಲ್ಲೆಯ ಮೇಲೆ ಹತ್ತಿದ ಕೂಡಲೇ ಢಂ ಎಂದು ಸಿಡಿಯುತ್ತದೆ, ಲೋಕೊ ಪೈಲಟ್ ಬೇರೇನೂ ಯೋಚಿಸದೆ ಬ್ರೇಕ್ ಹಾಕುತ್ತಾನೆ.

ಈ ಓಟದ ಯಾವ ಹಂತದಲ್ಲೂ ಅವನು ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಹುಬ್ಬಳ್ಳಿಯ ವಿಭಾಗೀಯ ಕಚೇರಿಗೆ ಫೋನು ಹಚ್ಚಿ ಸಾಹೇಬರು ಎದ್ದಿದ್ದಾರಾ ಎನ್ನುವುದಿಲ್ಲ. ಸಂಬಳದ ಏಣಿಯಲ್ಲಿ ಎಲ್ಲರಿಗಿಂತ ಕೆಳಗಿನ ಮೆಟ್ಟಿಲಲ್ಲಿರುವವನಿಗೆ ಇಡೀ ಎಕ್ಸ್‌ಪ್ರೆಸ್ ರೈಲನ್ನು ನಿಲ್ಲಿಸುವ ಅಧಿಕಾರ ನಿಯಮದಲ್ಲೇ ಬರೆದಿದೆ. ಯಾಕೆಂದರೆ ಅಪಾಯವನ್ನು ಮೊದಲು ಕಾಣುವವನು ಅವನೇ. ಸಾಫ್ಟ್‌ವೇರ್ ಕಂಪನಿಯಲ್ಲೋ ಕಟ್ಟಡದ ಸೈಟಿನಲ್ಲೋ ತಂಡ ನಡೆಸುವವರು ಘಾಟಿನಿಂದ ಒಂದೇ ಒಂದು ಪದ್ಧತಿ ಎತ್ತಿಕೊಳ್ಳುವುದಾದರೆ ಇದನ್ನು ಎತ್ತಿಕೊಳ್ಳಲಿ. ಆದರೆ ಅದರ ಬೆಲೆ ಗೊತ್ತಿರಬೇಕು. ಹತ್ತು ಸಲ ನಿಲ್ಲಿಸಿದವನು ಎರಡು ಸಲ ಸುಮ್ಮನೆ ನಿಲ್ಲಿಸಿರುತ್ತಾನೆ. ಆ ಎರಡಕ್ಕಾಗಿ ಅವನನ್ನು ಎಲ್ಲರೆದುರು ಬೈದರೆ ಮುಂದಿನ ಸಲ ಅವನು ಕೆಂಪು ಒರತೆ ನೋಡಿಯೂ ಇನ್ನೊಮ್ಮೆ ಖಾತ್ರಿ ಮಾಡಿಕೊಳ್ಳೋಣ ಎಂದು ನಿಂತುಬಿಡುತ್ತಾನೆ.

ಗಸ್ತು ಪುಸ್ತಕದ ಸಂಗತಿಯೂ ಸಣ್ಣದಲ್ಲ. ಒಬ್ಬನ ಗಸ್ತಿನ ಹದ್ದು ಮುಗಿಯುವಲ್ಲಿ ಪಕ್ಕದವನು ಎದುರಾಗುತ್ತಾನೆ. ಇಬ್ಬರೂ ಪುಸ್ತಕ ಅದಲುಬದಲು ಮಾಡಿಕೊಂಡು ಹಿಂದಿರುಗುತ್ತಾರೆ. ಇಬ್ಬರೂ ಕೊನೆಯವರೆಗೆ ನಡೆದಿದ್ದಾರೆ ಎಂಬುದಕ್ಕೆ ಅದೇ ಗುರುತು, ಆ ನಿಮಿಷದಲ್ಲಿ ಆಡುವ ಮಾತೇ ಸುದ್ದಿ: ಅಲ್ಲಿ ಮರ ಓರೆಯಾಗಿದೆ, ಇಲ್ಲಿ ಚರಂಡಿ ಕಟ್ಟಿದೆ. ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಾಗ ಮುಖಾಮುಖಿ ಆಗಲೇಬೇಕೆಂದು ಕಾಗದದಲ್ಲೇ ಹೊಂದಿಸಿಟ್ಟಿದ್ದಾರೆ. ಇಮೇಲಿನಲ್ಲಿ ‘ದಯವಿಟ್ಟು ಗಮನಿಸಿ’ ಎಂದು ಕಳಿಸಿ ಕೈ ತೊಳೆದುಕೊಳ್ಳುವವರಿಗೆ ಇದು ಹಳೇಕಾಲದ್ದು ಅನ್ನಿಸೀತು.

ಇಷ್ಟು ಎಚ್ಚರ ಕಲಿಸಿದ ಈ ಹಾದಿಯನ್ನು ಕಟ್ಟಿದ ಬಗೆ ಮಾತ್ರ ಬೇರೆ. 1878ರ ಡಿಸೆಂಬರಿನಲ್ಲಿ ಬ್ರಿಟನ್ ಮತ್ತು ಪೋರ್ಚುಗಲ್ ಒಂದು ಒಪ್ಪಂದ ಮಾಡಿಕೊಂಡವು. ಅದರ ಬೆನ್ನಿಗೆ ಲಂಡನ್ನಿನಲ್ಲಿ ಒಂದು ಕಂಪನಿ ಹುಟ್ಟಿತು. ಮರ್ಮಗೋವೆಯಲ್ಲಿ ಬಂದರು ಕಟ್ಟಿ, ಅಲ್ಲಿಂದ ಗೋವೆಯ ಗಡಿಯವರೆಗೆ ಮೀಟರ್ ಗೇಜ್ ಹಳಿ ಹಾಸಬೇಕು. ಗಡಿಯಾಚೆ ಕ್ಯಾಸಲ್‌ರಾಕಿನಲ್ಲಿ ಬ್ರಿಟಿಷರ ಕಡೆಯಿಂದ ಬರುವ ಸದರ್ನ್ ಮರಾಠಾ ರೈಲ್ವೆ ಕೂಡಿಕೊಳ್ಳಬೇಕು. ಧಾರವಾಡ, ಬಳ್ಳಾರಿ ಸೀಮೆಯ ಹತ್ತಿ ಮತ್ತು ಕಾಳು ಈ ದಾರಿಯಾಗಿ ಕಡಲಿಗೆ ಇಳಿಯುತ್ತದೆ ಎಂಬ ಲೆಕ್ಕ. ಎರಡು ಸರಕಾರ, ಎರಡು ಕಂಪನಿ, ನಡುವೆ ಮಲೇರಿಯಾದ ಕಾಡು. ಬಂಡೆ ಸಿಡಿಸಿ, ಸುರಂಗ ಕೊರೆದು, ಪ್ರತಿ ಮಳೆಗಾಲಕ್ಕೆ ಕೊಚ್ಚಿಹೋದದ್ದನ್ನು ಮತ್ತೆ ಕಟ್ಟಿ, 1888ರಲ್ಲಿ ಗಾಡಿ ಕ್ಯಾಸಲ್‌ರಾಕ್ ತಲುಪಿತು.

ಎಂಜಿನಿಯರಿಂಗ್ ಗೆದ್ದಿತು. ಯೋಜನೆ? ಆ ಒಪ್ಪಂದದ ಅವಧಿ 1880ರಿಂದ ಬರೀ ಹನ್ನೆರಡು ವರ್ಷ. ಹಾದಿ ಮುಗಿದಾಗ ಎಂಟು ವರ್ಷ ಕಳೆದಿತ್ತು. 1892ರಲ್ಲಿ ಬ್ರಿಟಿಷರು ಮುಂದುವರಿಸದೆ ಕೈಬಿಟ್ಟರು. ಸಾಗಾಟ ಲೆಕ್ಕದಷ್ಟು ಬರಲಿಲ್ಲ. ಕಂಪನಿಯಲ್ಲಿ ಹಣ ಹೂಡಿದವರಿಗೆ ಮಾತ್ರ ಚಿಂತೆಯಿರಲಿಲ್ಲ, ಬಂಡವಾಳದ ಮೇಲೆ ಇಂತಿಷ್ಟು ಬಡ್ಡಿಯ ಖಾತರಿಯನ್ನು ಪೋರ್ಚುಗಲ್ ಸರಕಾರ ಬರೆದುಕೊಟ್ಟಿತ್ತು. ಗಾಡಿ ಓಡಲಿ ಬಿಡಲಿ, ಲಿಸ್ಬನ್ನಿನ ಖಜಾನೆ ತೆರುತ್ತ ಹೋಯಿತು. 1902ರಲ್ಲಿ ಈ ಹಾದಿಯನ್ನು ನಡೆಸುವ ಕೆಲಸವನ್ನು ಸದರ್ನ್ ಮರಾಠಾ ಕಂಪನಿಗೇ ಒಪ್ಪಿಸಬೇಕಾಯಿತು. ಗುಡ್ಡದಲ್ಲಿ ಇಂಚಿಂಚಿಗೂ ಬ್ರೇಕ್ ಇಟ್ಟವರು ಕರಾರು ಪತ್ರದಲ್ಲಿ ಒಂದೂ ಇಡಲಿಲ್ಲ. ನಷ್ಟವಾದರೂ ಬಡ್ಡಿ ಬರುವವನಿಗೆ ನಿಲ್ಲಿಸುವ ಉಸಾಬರಿ ಯಾಕೆ? ಇವತ್ತಿನ ಎಷ್ಟೋ ಸರಕಾರಿ ಕಾಮಗಾರಿಗಳ ಕರಾರು ಓದುವಾಗ ನನಗೆ ಬ್ರಗಾಂಝಾ ನೆನಪಾಗುವುದುಂಟು.

ಆಮೇಲಿನ ಇತಿಹಾಸವನ್ನು ಬೇಗ ದಾಟೋಣ: ಕ್ಯಾಸಲ್‌ರಾಕಿನಲ್ಲಿ ಸುಂಕದ ತಪಾಸಣೆ, 1955ರಲ್ಲಿ ಗೋವೆಯ ಮೇಲಿನ ದಿಗ್ಬಂಧನದಿಂದ ನಿಂತುಹೋದ ಗಾಡಿ, 1961ರ ಡಿಸೆಂಬರಿನಲ್ಲಿ ಗೋವೆಯ ವಿಮೋಚನೆ, 1990ರ ದಶಕದಲ್ಲಿ ಬ್ರಾಡ್‌ಗೇಜ್.

ಅದೇ ದಶಕದಲ್ಲಿ ಘಟ್ಟದ ಕೆಳಗೆ ಇನ್ನೊಂದು ಸಾಹಸ ನಡೆದಿತ್ತು. ರೈಲ್ವೆ ಎಂಜಿನಿಯರ್ ಇ. ಶ್ರೀಧರನ್ 1990ರಲ್ಲಿ ಕೊಂಕಣ ರೈಲಿನ ಹೊಣೆ ಹೊತ್ತಾಗ ಅವರ ಬೆನ್ನಿಗೆ ಪಾಂಬನ್ ಸೇತುವೆಯ ಅನುಭವವಿತ್ತು: 1964ರ ಡಿಸೆಂಬರಿನ ಚಂಡಮಾರುತ ಆ ಸೇತುವೆಯ ನೂರಕ್ಕೂ ಹೆಚ್ಚು ಗರ್ಡರುಗಳನ್ನು ಕಡಲಿಗೆ ಎಸೆದಿತ್ತು. ಹೊಸದು ತಯಾರಾಗಲು ತಿಂಗಳುಗಳು ಬೇಕು. ಮೂವತ್ತೆರಡರ ಶ್ರೀಧರನ್ ಮುಳುಗಿದ ಗರ್ಡರುಗಳನ್ನೇ ನೀರಿನಿಂದ ಎತ್ತಿಸಿ ಮತ್ತೆ ಕೂರಿಸಿ, 46 ದಿನದಲ್ಲಿ ಸೇತುವೆ ಕೊಟ್ಟರು. ಕೊಂಕಣದಲ್ಲಿ ಅವರು ಇಡೀ ಹಾದಿಯನ್ನು ಏಳು ವಲಯ ಮಾಡಿದರು. ಕಾರವಾರ, ಉಡುಪಿ ಅವುಗಳಲ್ಲಿ ಎರಡು. ಒಂದೊಂದಕ್ಕೂ ಒಬ್ಬ ಮುಖ್ಯ ಎಂಜಿನಿಯರ್, ಅಲ್ಲಲ್ಲೇ ತೀರ್ಮಾನಿಸುವ ಅಧಿಕಾರ. ಕಚೇರಿಗಳಲ್ಲಿ ಹಿಮ್ಮುಖವಾಗಿ ಎಣಿಸುವ ಗಡಿಯಾರ, ಉಳಿದ ದಿನ ಇಷ್ಟು ಎಂದು.

ಆ ಗಡಿಯಾರದ ಕಥೆಯನ್ನು ಎಲ್ಲರೂ ಹೇಳುತ್ತಾರೆ. ಪೆಡ್ನೆಯ ಸುರಂಗದ ಕಥೆ ಹೇಳುವವರು ಕಡಿಮೆ. ಗೋವೆಯ ಉತ್ತರದಲ್ಲಿ ಮಣ್ಣು ಗಟ್ಟಿ ಬಂಡೆಯಲ್ಲ, ಒದ್ದೆ ಜೇಡಿ. ಕೊರೆದಷ್ಟೂ ಕುಸಿಯಿತು. ಗಡಿಯಾರ 1995 ಎನ್ನುತ್ತಿತ್ತು, ಜೇಡಿ ಇಲ್ಲ ಎಂದಿತು. ಜೇಡಿಯ ಮಾತೇ ನಡೆಯಿತು: ಹಾದಿ ಪೂರ್ತಿಯಾಗಿ ತೆರೆದದ್ದು 1998ರ ಜನವರಿ 26ಕ್ಕೆ. ಶ್ರೀಧರನ್ ಅವರ ದೊಡ್ಡತನ ಗಡಿಯಾರ ತೂಗುಹಾಕಿದ್ದರಲ್ಲಿ ಇದೆಯೆಂದು ನಾನು ಒಪ್ಪುವುದಿಲ್ಲ. ಸುರಂಗದ ಬಾಯಲ್ಲಿ ನಿಂತವನ ಕೈಗೆ ತೀರ್ಮಾನ ಕೊಟ್ಟದ್ದರಲ್ಲಿ ಇದೆ.

ಘಾಟಿಗೆ ವಾಪಸ್ ಬರೋಣ. 2024ರ ಆಗಸ್ಟ್ 9. ಮತ್ತೆ ಮಳೆಗಾಲ, ಮತ್ತೆ ಸೋನಾಲಿಂ ಮತ್ತು ದೂಧ್‌ಸಾಗರದ ನಡುವೆ. ತೋರಣಗಲ್ಲಿನ ಕಡೆ ಕಲ್ಲಿದ್ದಲು ಹೊತ್ತು ಹತ್ತುತ್ತಿದ್ದ ಗೂಡ್ಸ್ ಗಾಡಿಯ 17 ವ್ಯಾಗನ್ ಹಳಿ ತಪ್ಪಿದವು. ವಾಸ್ಕೋ ಕಡೆಯ ಪ್ರಯಾಣಿಕ ಗಾಡಿಗಳನ್ನು ತಿರುಗಿಸಬೇಕಾಯಿತು, ಕೆಲವನ್ನು ರದ್ದುಮಾಡಬೇಕಾಯಿತು. ಇಂಥ ಜಾಗದಲ್ಲಿ ಕೆಲಸದ ಸರಣಿ ಬಹಳ ಕ್ರೂರ. ಕ್ರೇನು ಬರುವುದು ಹಳಿಯ ಮೇಲೆ, ಮುಚ್ಚಿರುವುದೂ ಅದೇ ಹಳಿ. ಹತ್ತು ಕ್ರೇನುಗಳಿದ್ದರೂ ಒಂದು ತುದಿಯಿಂದ ಒಂದು, ಇನ್ನೊಂದು ತುದಿಯಿಂದ ಒಂದು. ನಡುವಿನ ವ್ಯಾಗನ್ನಿಗೆ ಕೈಹಾಕಬೇಕಾದರೆ ಅಂಚಿನದು ಹೋಗಿರಬೇಕು. ಜನ ಹೆಚ್ಚಿಸಿದರೆ ಕೆಲಸ ಬೇಗ ಆಗುತ್ತದೆಂದು ನಂಬುವ ಮೇಲಧಿಕಾರಿಗಳು ಅಂಥ ದಿನ ಬಂದು ಕೊಡೆ ಹಿಡಿದು ನಿಂತು ನೋಡಬೇಕು.

ಹಾಗಾದರೆ ಎರಡನೇ ಹಳಿ ಹಾಕಿಬಿಡಿ ಎನ್ನುವುದು ಸಹಜ. ಹೊಸಪೇಟೆಯಿಂದ ವಾಸ್ಕೋವರೆಗೆ ಜೋಡಿ ಹಳಿಯ ಯೋಜನೆ ಇದ್ದದ್ದೇ ಹಾಗೆ, ರೈಲ್ ವಿಕಾಸ್ ನಿಗಮದ್ದು. ಬಯಲಿನಲ್ಲಿ ಕೆಲಸ ಓಡಿತು. ಕ್ಯಾಸಲ್‌ರಾಕಿನಿಂದ ಕುಳೆಂವರೆಗಿನ ತುಂಡಿನ ಎದುರು ಮಾತ್ರ ಇದ್ದದ್ದು ಕಾಳಿ ಹುಲಿ ಸಂರಕ್ಷಿತ ಪ್ರದೇಶ, ಭಗವಾನ್ ಮಹಾವೀರ ಅಭಯಾರಣ್ಯ, ಮೊಲ್ಲೆಂ ರಾಷ್ಟ್ರೀಯ ಉದ್ಯಾನ. ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಸ್ಥಾಯಿ ಸಮಿತಿ ಒಪ್ಪಿಗೆ ಕೊಟ್ಟಿತು. ಗೋವೆಯಲ್ಲಿ ವಿದ್ಯಾರ್ಥಿಗಳು, ವಿಜ್ಞಾನಿಗಳು, ಹಳ್ಳಿಯವರು ರಾತ್ರಿ ಹಳಿಯ ಬದಿಗೆ ದೀಪ ಹಿಡಿದು ಕೂತರು. ಗೋವಾ ಫೌಂಡೇಶನ್ ಸುಪ್ರೀಂ ಕೋರ್ಟಿಗೆ ಹೋಯಿತು. ಕೋರ್ಟಿನ ಕೇಂದ್ರ ಉನ್ನತಾಧಿಕಾರ ಸಮಿತಿ 2021ರಲ್ಲಿ ಕೊಟ್ಟ ವರದಿಯ ಸಾರ ಇಷ್ಟು: ರೈಲು ಜಾಲದಲ್ಲೇ ಅತ್ಯಂತ ಅದಕ್ಷವಾದ ಈ ತುಂಡಿನ ಸಾಮರ್ಥ್ಯ ಇದರಿಂದ ಹೆಚ್ಚುವುದು ಅಲ್ಪ, ಕಾಡಿಗೆ ಆಗುವ ಹಾನಿ ದೊಡ್ಡದು. 2022ರ ಮೇ 9ರಂದು ಕೋರ್ಟು ಆ ಒಪ್ಪಿಗೆಯನ್ನು ರದ್ದುಮಾಡಿತು.

ಎರಡೂ ಕಡೆ ಕೆಲಸ ಮಾಡಿದ ಮೇಲೆ, ನಡುವಿನ ತುಂಡಿಗೆ ಆಗುವುದಿಲ್ಲ ಎಂಬ ಉತ್ತರ. ಇದರಲ್ಲಿ ಕೋರ್ಟಿನ ಮೇಲೆ ಸಿಟ್ಟಾಗುವವರಿದ್ದಾರೆ, ನನಗೆ ಸಿಟ್ಟು ಬರುವುದು ಸರಣಿಯ ಮೇಲೆ. ಘಾಟು ಆಗದಿದ್ದರೆ ಇಡೀ ಹಾದಿಯ ಲೆಕ್ಕವೇ ಬದಲಾಗುತ್ತದೆ ಎಂಬುದು ಮೊದಲ ದಿನದಿಂದಲೇ ಗೊತ್ತಿದ್ದ ಸಂಗತಿ. ಎಲ್ಲಕ್ಕಿಂತ ಕಷ್ಟದ ತುಂಡನ್ನು ಎಲ್ಲಕ್ಕಿಂತ ಮೊದಲು ಪರೀಕ್ಷೆಗೆ ಒಡ್ಡಬೇಕಿತ್ತು, ಇಳಿಯುವ ಮೊದಲೇ ಬ್ರೇಕ್ ನೋಡುವ ಹಾಗೆ. ಬಾಗಿಲು ಪೂರ್ತಿ ಮುಚ್ಚಿಲ್ಲ ಅನ್ನಿ. ಕಾಡಿನ ಮೇಲಾಗುವ ಪರಿಣಾಮವನ್ನು ವಿವರವಾಗಿ ಅಧ್ಯಯನ ಮಾಡಿ ಹೊಸ ಪ್ರಸ್ತಾವ ತಂದರೆ ಮಂಡಳಿ ಕಾನೂನಿನಂತೆ ಪರಿಶೀಲಿಸಬಹುದು ಎಂದು ಅದೇ ತೀರ್ಪಿನಲ್ಲಿದೆ. ಆ ಅಧ್ಯಯನಕ್ಕೆ ಹೋಗುವವರು ಬೇಸಿಗೆಯಲ್ಲಿ ಜೀಪು ಹತ್ತಿ ಬಂದರೆ ಸಾಲದು. ಜುಲೈಯಲ್ಲಿ ಬಂದು ಗಸ್ತಿನವನ ಹಿಂದೆ ಒಂದು ರಾತ್ರಿಯಾದರೂ ಕಾರಂಜೋಳದವರೆಗೆ ನಡೆಯಬೇಕು.